ಶ್ಕುರ್ತೆ ಹೇಳಿ ಕಳಿಸಿದ ಮಾತು

ಕ್ಯಾಸೆಟ್ಟಿಗೆ ಅಂಟಿಸಿದ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ಎರಡೇ ಪದಗಳಿದ್ದವು. ನೆನಾ ಹೈರಿಯೆ, ಅಂದರೆ ತಾಯಿ ಹೈರಿಯೆ. ಕೆಳಗೆ 1990 ಎಂದು ಇಸವಿ. ಅದನ್ನು ನಮ್ಮ ಅಂಗಡಿಯ ಕೌಂಟರಿನ ಮೇಲೆ ಇಟ್ಟ ಮುದುಕರು ಅದರ ಮೇಲಿನಿಂದ ಕೈಯನ್ನು ಕೂಡಲೇ ತೆಗೆಯಲಿಲ್ಲ.

"ಇದು ನನ್ನ ತಾಯಿ ತೀರಿಕೊಂಡ ದಿನದ್ದು," ಎಂದರು. "ಹೆಂಗಸರು ಅಳೋದನ್ನ ಯಾರೋ ರೆಕಾರ್ಡ್ ಮಾಡಿದಾರೆ. ನೀನು ಕೇಳಿ ನನಗೆ ಬರೆದುಕೊಡಬೇಕು."

ಅದು 2000ನೇ ಇಸವಿಯ ಏಪ್ರಿಲ್. ಅಮೆರಿಕದ ಲಿವೋನಿಯಾದಲ್ಲಿ ನಮ್ಮದೊಂದು ಸಣ್ಣ ಅಂಗಡಿಯಿತ್ತು. ಫೋಟೊಕಾಪಿ, ಪಾಸ್‌ಪೋರ್ಟ್ ಫೋಟೊ, ಹಳೆಯ ಕ್ಯಾಸೆಟ್ಟುಗಳನ್ನು ಸಿಡಿಗೆ ಹಾಕಿಕೊಡುವ ಕೆಲಸ. ಯಂತ್ರಗಳು ನನ್ನ ಗಂಡ ಯಾಸೀನ್ ಪಾಲಿಗೆ, ಕಾಗದಪತ್ರ ನನ್ನ ಪಾಲಿಗೆ. ನಾನು ಲಕ್ಷ್ಮೇಶ್ವರದಲ್ಲಿ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವಳು. ಮುಂದಿನದನ್ನೆಲ್ಲ ಇಲ್ಲಿಗೆ ಬಂದ ಮೇಲೆ ಸಂಜೆ ತರಗತಿಗಳಲ್ಲಿ ಕಲಿತೆ. ಹಿಂದಿನ ವರ್ಷ ಕೊಸೊವೊದಿಂದ ನಿರಾಶ್ರಿತರು ಬಂದಾಗ ಅವರ ನೆರವಿಗೆ ನಿಲ್ಲುವವರಿಗಾಗಿ ಲೈಬ್ರರಿಯ ನೆಲಮಾಳಿಗೆಯಲ್ಲಿ ಅಲ್ಬೇನಿಯನ್ ಭಾಷೆಯ ತರಗತಿ ಶುರುವಾಗಿತ್ತು. ನಾನು ಸೇರಿದೆ. ನಿರಾಶ್ರಿತರು ನನಗಿಂತ ಬೇಗ ಇಂಗ್ಲಿಷ್ ಕಲಿತುಬಿಟ್ಟರು. ಆದರೆ ಈ ಭಾಗದಲ್ಲಿ ಬಹಳ ಹಿಂದೆಯೇ ನೆಲೆಸಿದ ಅಲ್ಬೇನಿಯನ್ ಮನೆತನಗಳವರು ಅಜ್ಜಂದಿರ ಕಾಗದಗಳನ್ನು ತರತೊಡಗಿದರು, ಮಕ್ಕಳಿಗೆ ಆ ಭಾಷೆ ಓದಲು ಬರುವುದಿಲ್ಲ ಎಂದು. ಹುಟ್ಟಿದ್ದು ಲಿಂದುರ್, ಮದುವೆಯಾದದ್ದು ಮಾರ್ತುವರ್, ಸತ್ತದ್ದು ವ್ದೆಕುರ್. ಈ ಮೂರು ಪದ ಗೊತ್ತಿದ್ದರೆ ಅರ್ಧ ವಂಶವೃಕ್ಷ ಆಗಿಹೋಗುತ್ತದೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಉಳಿದರ್ಧದ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ಮುದುಕರ ಹೆಸರು ಜೆನೆಲ್. ಎಪ್ಪತ್ತೆರಡು ವರ್ಷ. ಕಾರಿನ ಬಿಡಿಭಾಗ ಒತ್ತುವ ಯಂತ್ರಗಳ ನಡುವೆ ನಲವತ್ತು ವರ್ಷ ನಿಂತು ಕಿವಿ ಹೋಗಿತ್ತು. ಎದುರು ನಿಂತು ನಿಧಾನವಾಗಿ ಹೇಳಿದರೆ ತಿಳಿಯುತ್ತಿತ್ತು. ಟೇಪಿನಲ್ಲಿ ಹೆಂಗಸರ ದನಿ ಅವರಿಗೆ ಬರೀ ಗಾಳಿ ಬೀಸಿದ ಹಾಗೆ ಕೇಳುತ್ತಿತ್ತಂತೆ. 1948ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ತಾಯಿಯನ್ನೂ ಒಂಬತ್ತು ವರ್ಷದ ತಂಗಿಯನ್ನೂ ಬಿಟ್ಟು ಅವರು ಅಲ್ಬೇನಿಯದ ಗಡಿ ದಾಟಿದ್ದರು. ಆ ತಪ್ಪಿಗೆ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಮನೆಯವರನ್ನು ಹಳ್ಳಿಯಿಂದ ಎಬ್ಬಿಸಿ ಬೇರೆಲ್ಲಿಗೋ ಸಾಗಿಸಿತು. ಗಡಿ ತೆರೆದ ಮೇಲೆ ಬರೆದ ಪತ್ರಗಳು ವಾಪಸು ಬಂದವು. 1997ರ ಗಲಭೆಯಲ್ಲಿ ಅಲ್ಲಿನ ದಾಖಲೆಗಳು ಸುಟ್ಟುಹೋದವು. ಹಿಂದಿನ ತಿಂಗಳು ಷಿಕಾಗೊದಲ್ಲಿ ಯಾರೋ ತಮ್ಮ ತೀರಿಕೊಂಡ ತಾಯಿಯ ಪೆಟ್ಟಿಗೆ ಖಾಲಿ ಮಾಡುವಾಗ ಈ ಕ್ಯಾಸೆಟ್ಟು ಸಿಕ್ಕಿ, ಅದರ ಡಬ್ಬಿಯ ಮೇಲಿದ್ದ ಮನೆತನದ ಹೆಸರು ನೋಡಿ, ಪರಿಚಯದವರ ಮೂಲಕ ಕಳಿಸಿದ್ದರು. ಪಟ್ಟಣದಲ್ಲಿ ಬೆಳೆದ ಅವರಿಗೆ ಬೇರೇನೂ ಗೊತ್ತಿರಲಿಲ್ಲ.

"ನಿಮ್ಮವರೇ ಇಷ್ಟು ಜನ ಇದ್ದಾರಲ್ಲ ಅಂಕಲ್," ಎಂದೆ. "ಅವರಿಗೆ ನನಗಿಂತ ಚೆನ್ನಾಗಿ ಅರ್ಥ ಆಗುತ್ತೆ."

"ಅವರು ನನ್ನ ಮುಖ ನೋಡಿ ಸುಳ್ಳು ಹೇಳ್ತಾರೆ. ನಿನಗೆ ಸುಳ್ಳು ಹೇಳೋವಷ್ಟು ಅಲ್ಬೇನಿಯನ್ ಬರಲ್ಲ."

ಯಾಸೀನ್ ಹಿಂದಿನಿಂದ ನಕ್ಕಿದ್ದು ಕೇಳಿಸಿತು.

ಜೆನೆಲ್ ಅಂಕಲ್‌ಗೆ ಬೇಕಾದದ್ದು ಒಂದೇ: ತಂಗಿ ಶ್ಕುರ್ತೆ ಬದುಕಿದ್ದಾಳೋ ಇಲ್ಲವೋ. ಹೆಣ್ಣು ಹುಟ್ಟಿದ್ದು ಸಾಕು, ಇಲ್ಲಿಗೆ ಮೊಟಕಾಗಲಿ ಎಂದು ಇಡುವ ಹೆಸರು ಅದು. ನಮ್ಮ ಕಡೆ ಸಾಕವ್ವ ಎಂದು ಇಡುವ ಹಾಗೆ. ಜೆನೆಲ್ ಅಂಕಲ್ ಅವರ ಹೃದಯದ ಕವಾಟ ಕೆಟ್ಟಿತ್ತು. ಚಳಿಗಾಲದೊಳಗೆ ಆಪರೇಷನ್ ಆಗಬೇಕು. ಅದಕ್ಕೆ ಮುಂಚೆ ಒಂದು ಸಲ ವಿಮಾನ ಹತ್ತಬಹುದು, ಆಮೇಲಿನದನ್ನು ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಜೂನ್ ತಿಂಗಳಿಗೆ ಒಂದು ಟಿಕೆಟ್ ಕಾದಿರಿಸಿದ್ದರು.

"ಇದ್ರೆ ಹೋಗ್ತೀನಿ," ಎಂದರು. "ಇಲ್ಲದಿದ್ರೆ ಅಲ್ಲಿ ಯಾರ ಬಾಗಿಲು ತಟ್ಟಲಿ? ಇನ್ನೊಂದು ಮಾತು. ನಮ್ಮಲ್ಲಿ ಗಂಡಸರ ಸಾಲನ್ನ ರಕ್ತದ ಮರ ಅಂತೀವಿ. ಅದರಲ್ಲಿ ಹೆಂಗಸರನ್ನ ಬರೆಯಲ್ಲ. ನೀನು ನನಗೆ ಬರೆದುಕೊಡೋ ಮರದಲ್ಲಿ ಶ್ಕುರ್ತೆಯನ್ನೂ ಬರಿ."

ಮಧ್ಯಾಹ್ನ ಊಟದ ನಂತರ ಗಿರಾಕಿಗಳು ಕಡಿಮೆ. ನಾನು ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲು ಕುರ್ಚಿಗಳನ್ನು ಎಳೆದ ಸದ್ದು, ಯಾರದೋ ಕೆಮ್ಮು. ಆಮೇಲೆ ಒಬ್ಬ ಹೆಂಗಸು ಉದ್ದವಾಗಿ ಒಂದು ಹೆಸರು ಕೂಗಿದಳು. ಅದರ ಬೆನ್ನಿಗೆ ಮೂರು ನಾಲ್ಕು ಪದ ಹೇಳುವಷ್ಟರಲ್ಲಿ ಹತ್ತಾರು ಹೆಂಗಸರು ಒಟ್ಟಿಗೆ ಅತ್ತು ಆ ಪದಗಳನ್ನು ಮುಳುಗಿಸಿಬಿಟ್ಟರು. ಅಳು ಇಳಿಯುವ ಹೊತ್ತಿಗೆ ಮತ್ತೊಂದು ಹೆಸರು. ಟೇಪು ಪೂರ್ತಿ ಹಾಗೆಯೇ. ಹೆಸರುಗಳು ಮಾತ್ರ ನೀರಿನಿಂದ ತಲೆ ಎತ್ತಿದವರಂತೆ ಸ್ಪಷ್ಟವಾಗಿದ್ದವು. ಒಂದೊಂದನ್ನೂ ಎಂಟು ಒಂಬತ್ತು ಸಲ ಕೇಳಿ ಪೆನ್ಸಿಲಿನಲ್ಲಿ ಬರೆದುಕೊಂಡೆ. ಮೂವತ್ನಾಲ್ಕನೆಯ ನಿಮಿಷಕ್ಕೆ ಅಳು ನಿಂತಿತು. ಅಲ್ಲಿಂದ ಕೊನೆಯವರೆಗೆ ಬರೀ ಹಿಸ್ ಎಂಬ ಸದ್ದು. ನಾನು ಅದನ್ನೂ ಪೂರ್ತಿ ಕೇಳಿದೆ. "34 ನಿಮಿಷ, ಮುಂದೆ ಖಾಲಿ" ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿದೆ. ಆ ಪುಟವನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಶಾಲೆಯಿಂದ ಬಂದ ಮಗಳು ಸಾರಾ, ಎಂಟು ವರ್ಷದವಳು, ಹೆಡ್‌ಫೋನಿನಿಂದ ಸೋರುವ ದನಿ ಕೇಳಿ ಬಾಗಿಲಲ್ಲೇ ನಿಂತಳು.

"ಮಾಮ್, ಹೂ ಈಸ್ ಶೀ ಕಾಲಿಂಗ್?"

"ಸತ್ತವರನ್ನ ಕರೀತಾಳವ್ವ," ಎಂದೆ. ಯೋಚನೆ ಮಾಡದೆ ಬಂದ ಉತ್ತರ ಅದು.

ಯೋಚಿಸದೆ ಏಕೆ ಬಂತೆಂದು ಹೇಳಬೇಕು. ನಮ್ಮ ಅಜ್ಜಿ ಚಾಂದ್ ಬೀಗೆ ಓದು ಬರಹ ಬರುತ್ತಿರಲಿಲ್ಲ. ಸತ್ತವರು ಮನೆಗೆ ಬರುವ ಹೊತ್ತು ಎಂದು ಗುರುವಾರ ಸಂಜೆ ಲೋಬಾನದ ಹೊಗೆ ಹಾಕಿ, ಮನೆಯಲ್ಲಿ ತೀರಿಕೊಂಡವರ ಹೆಸರು ಹಿಡಿದು ಫಾತಿಹಾ ಕೊಡಿಸುತ್ತಿದ್ದಳು. ಆ ಹೆಸರುಗಳನ್ನು ನನ್ನ ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟವಳು ನಾನು. ಗಟ್ಟಿಯಾಗಿ ಓದುವ ಕೆಲಸವೂ ನನ್ನದೇ. ಒಂದು ಗುರುವಾರ ಹುರುಪಿನಲ್ಲಿ ಸರ್ದಾರ್ ಮಾಮಾನ ಹೆಸರನ್ನೂ ಸೇರಿಸಿ ಓದಿಬಿಟ್ಟೆ. ಮಾಮಾ ಹುಬ್ಬಳ್ಳಿಯಲ್ಲಿ ಬಸ್ ಓಡಿಸಿಕೊಂಡು ಚೆನ್ನಾಗಿದ್ದ. ಅಜ್ಜಿ ನನ್ನ ಬಾಯಿಯ ಮೇಲೆ ಹೊಡೆದಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ. ಸತ್ತವರ ನಡುವೆ ಬದುಕಿರುವವರ ಹೆಸರು ಹೇಳಬಾರದು. ಲಕ್ಷ್ಮೇಶ್ವರದಲ್ಲಿ ಅಷ್ಟು ಗಟ್ಟಿಯಾದ ನಿಯಮ ಜಗತ್ತಿನ ಎಲ್ಲ ಮನೆಗಳಲ್ಲೂ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅಂದುಕೊಂಡಿದ್ದೆ ಎನ್ನುವುದೂ ಸರಿಯಲ್ಲ. ಬೇರೆ ರೀತಿ ಇರಬಹುದು ಎಂಬ ಅನುಮಾನವೇ ಬರಲಿಲ್ಲ. ಬೇರೆ ಎಲ್ಲದರ ಬಗ್ಗೆ ಅನುಮಾನ ಪಡುವವಳು ನಾನು.

ಹೆಸರುಗಳು ಒಟ್ಟು ಇಪ್ಪತ್ಮೂರು. ಶ್ಕುರ್ತೆ ಎಂದು ನಾಲ್ಕು ಸಲ ಕೂಗಿದ್ದರು.

ಜೆನೆಲ್ ಎಂದು ಆರು ಸಲ.

ಅದನ್ನು ಕೇಳಿದಾಗ ಟೇಪ್ ನಿಲ್ಲಿಸಿದೆ. ಜೆನೆಲ್ ಅಂಕಲ್ ಆ ಬೆಳಿಗ್ಗೆ ತಾನೇ ಅಂಗಡಿಗೆ ಬಂದು, ಕೆಲಸ ಎಲ್ಲಿಗೆ ಬಂತು ಎಂದು ಕೇಳಿ ಹೋಗಿದ್ದರು. ಆಮೇಲೆ ತಿಳಿಯಿತು ಅನಿಸಿತು: ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಎಲ್ಲ ಕಡೆ ಇದೆಯಲ್ಲ. ಮರದಲ್ಲಿ ಮೇಲೆ "ಜೆನೆಲ್ (ಅಜ್ಜ?)" ಎಂದು ಬರೆದೆ. ಸತ್ತವರ ಹೆಸರಿನ ಸುತ್ತ ಕರಿ ಚೌಕ ಹಾಕುವುದು ನನ್ನ ಪದ್ಧತಿ. ಶ್ಕುರ್ತೆಯ ಸುತ್ತ ಚೌಕ ಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಇಟ್ಟೆ.

ಯಾಸೀನ್ ಹೆಗಲ ಮೇಲಿನಿಂದ ಬಗ್ಗಿ ನೋಡಿದರು. ಅವರು ಸವಣೂರಿನವರು, ಮನೆಯಲ್ಲಿ ನಮ್ಮ ಮಾತು ಉರ್ದುವಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳುತ್ತದೆ.

"ಇದೇನಿದು, ಎಲ್ಲಾ ಕಡೆ ಕೊಕ್ಕೆ ಹಾಕೀಯಲ್ಲ?"

"ಖಾತ್ರಿ ಇಲ್ಲರೀ."

"ನಿನಗ ಯಾವುದು ಖಾತ್ರಿ ಐತಿ? ಗ್ಯಾಸ್ ಆಫ್ ಮಾಡೀನೋ ಇಲ್ಲೋ ಅಂತ ಎಂಟು ಮೈಲಿ ವಾಪಸ್ ಡ್ರೈವ್ ಮಾಡ್ಸಿದಾಕಿ. ಆ ಮನಷ್ಯಾ ಪ್ರಶ್ನೆ ಹಿಡ್ಕೊಂಡ ಬಂದಾನ. ನೀನೂ ಪ್ರಶ್ನೆನ ಕೊಟ್ಟು ಕಳಿಸ್ತೀಯೇನು?"

ನಾನು ರಬ್ಬರ್ ತೆಗೆದುಕೊಂಡು ಶ್ಕುರ್ತೆಯ ಪಕ್ಕದ ಚಿಹ್ನೆಯನ್ನು ಅಳಿಸಿದೆ. ಅಜ್ಜನದು ಉಳಿಯಿತು, ಅಳಿಸಬೇಕಾದ್ದು ಯಾವುದು ಎಂದು ಆಗಲೂ ನನಗೆ ತಿಳಿದಿರಲಿಲ್ಲ.

ಜೆನೆಲ್ ಅಂಕಲ್ ಹಾಳೆಯನ್ನು ಕೌಂಟರಿನ ಮೇಲೆ ಹರಡಿ, ಮೇಲಿನಿಂದ ಕೆಳಗೆ ಬೆರಳಾಡಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು.

"ಖಂಡಿತನಾ?"

"ನಾಲ್ಕು ಸಲ ಕೂಗಿದಾರೆ ಅಂಕಲ್," ಎಂದೆ. ಅದು ನಿಜ. ಅವರು ಕೇಳಿದ್ದಕ್ಕೆ ಉತ್ತರ ಮಾತ್ರ ಅಲ್ಲ.

ಅವರು ಅಳಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಹಾಕಿ, ನನ್ನ ತಲೆ ಮುಟ್ಟಿ ಹೊರಗೆ ಹೋದರು. ಟಿಕೆಟ್ ರದ್ದು ಮಾಡಿದರೆಂದು ಮರುದಿನ ತಿಳಿಯಿತು. ಅದರ ಮರುದಿನ ಅವರ ಮನೆಯಲ್ಲಿ ಸಂತಾಪಕ್ಕೆ ಬಾಗಿಲು ತೆರೆದಿದ್ದರು. ಮೂರು ದಿನ, ಬಂದವರಿಗೆಲ್ಲ ಸಕ್ಕರೆಯಿಲ್ಲದ ಕಾಫಿ ಮತ್ತು ಸಿಗರೇಟು. ಸತ್ತವರ ಮನೆಯಲ್ಲಿ ಅವರು ಕಾಫಿಗೆ ಸಕ್ಕರೆ ಹಾಕುವುದಿಲ್ಲ.

ಕೊನೆಯ ದಿನ ನಾನೂ ಯಾಸೀನೂ ಹೋದೆವು. ಕರಿ ಕೋಟಿನ ಮುದುಕರು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಬಂದವರು ಎದೆಯ ಮೇಲೆ ಕೈ ಇಟ್ಟು, ನಿಮ್ಮ ತಲೆ ಗಟ್ಟಿಯಿರಲಿ ಎಂದು ಹೇಳಿ ಕೂರುತ್ತಿದ್ದರು. ನಾನು ಅಡುಗೆಮನೆಯ ಕಡೆ ಹೆಂಗಸರ ಜೊತೆ ಕೂತೆ. ಪಕ್ಕದ ಮನೆಯ ಸಾನಿಯೆ ಎಂಬ ಎಂಬತ್ತರ ಅಜ್ಜಿ ನನ್ನ ಕೈಗೆ ಬಟ್ಟಲು ಕೊಟ್ಟಳು. ಆಕೆಗೆ ಇಂಗ್ಲಿಷ್ ಬಾರದು. ನನ್ನ ಅಲ್ಬೇನಿಯನ್ ಕೇಳಿ ಸಾವಿನ ಮನೆಯಲ್ಲೂ ಒಂದು ಸಲ ನಕ್ಕಳು.

ಜೆನೆಲ್ ಅಂಕಲ್ ನನ್ನನ್ನು ನೋಡಿ ಎದ್ದು ಬಂದರು. ಹಾಳೆ ಕೈಯಲ್ಲಿತ್ತು.

"ಒಂದು ಕಡೆ ತಪ್ಪಾಗಿದೆ ಮಗಳೇ. ಮೇಲೆ ಜೆನೆಲ್ ಅಂತ ಅಜ್ಜನನ್ನ ಬರೆದಿದೀಯ. ನಮ್ಮ ಮನೆತನದಲ್ಲಿ ಆ ಹೆಸರು ಮೊದಲು ಇಟ್ಟಿದ್ದೇ ನನಗೆ. ಬೇರೆ ಜೆನೆಲ್ ಇಲ್ಲ."

"ಟೇಪಿನಲ್ಲಿ ಆರು ಸಲ ಇದೆ ಅಂಕಲ್."

ಅವರು ಹಾಳೆ ನೋಡಿದರು. ನಾನು ಬಟ್ಟಲು ನೋಡಿದೆ. ಸಾನಿಯೆ ಅಜ್ಜಿ ಏನು ಎಂದು ಕೇಳಿದಳು; ಅವರು ಬಗ್ಗಿ ಆಕೆಗೆ ಹೇಳಿದರು. ಆಕೆಗೆ ಅದು ಆಶ್ಚರ್ಯದ ವಿಷಯ ಅನಿಸಲೇ ಇಲ್ಲ.

"ನಿನ್ನನ್ನ ಗಡಿಯಲ್ಲಿ ಗುಂಡಿಕ್ಕಿ ಕೊಂದ್ವಿ ಅಂತ ಸರ್ಕಾರದವರು ಮನೆಯವರಿಗೆ ಹೇಳಿರ್ತಾರೆ," ಎಂದಳು, ನನಗೂ ತಿಳಿಯಲಿ ಎಂದು ನಿಧಾನವಾಗಿ. "ಎಲ್ಲರಿಗೂ ಹಾಗೇ ಹೇಳ್ತಿದ್ರು. ಅದಕ್ಕೇ ಮನೆಯವರು ನಿನಗೆ ಸುದ್ದಿ ಕಳಿಸಿದಾರೆ, ಅಷ್ಟೇ."

"ಯಾರ ಕೈಲಿ?" ಎಂದು ನಾನು ಕೇಳಿದೆ.

"ಇನ್ನ್ಯಾರ ಕೈಲಿ? ಹೊರಟವಳ ಕೈಲಿ." ಊರಿಗೆ ಹೋಗುವವರ ಕೈಯಲ್ಲಿ ಬುತ್ತಿ ಕಳಿಸುವ ವಿಷಯ ಹೇಳುವಂತೆ ಹೇಳಿದಳು. "ನಮ್ಮ ಬೆಟ್ಟದಲ್ಲಿ ಒಬ್ಬರು ಸತ್ತರೆ ಸುತ್ತ ನಿಂತವರು ಸುಮ್ಮನೆ ಕಳಿಸ್ತಾರಾ? ನನ್ನ ಗಂಡನಿಗೆ ಇಂಥದ್ದು ಹೇಳು, ನನ್ನ ಮಗುವಿಗೆ ಇಂಥದ್ದು ಹೇಳು ಅಂತ ಕೂಗಿ ಹೇಳ್ತಾರೆ. ಮೊದಲು ಹೇಳುವವರ ಹೆಸರು ಬರಬೇಕು, ಆಮೇಲೆ ಕೇಳುವವರ ಹೆಸರು. ಇಲ್ಲದಿದ್ರೆ ಯಾರು ಯಾರಿಗೆ ಹೇಳಿದ್ದು ಅಂತ ಸತ್ತವರಿಗೆ ಗೊತ್ತಾಗೋದು ಹೇಗೆ?"

ಬಟ್ಟಲನ್ನು ಕೆಳಗಿಟ್ಟೆ. ಇಪ್ಪತ್ಮೂರು ಹೆಸರು. ಅರ್ಧ ನಿಂತವರದು, ಅರ್ಧ ಹೋದವರದು. ನಾನು ಎಲ್ಲರಿಗೂ ಒಂದೇ ಕರಿ ಚೌಕ ಹಾಕಿದ್ದೆ. ಬಾಯಿಯ ಮೇಲೆ ಅಜ್ಜಿಯ ಕೈ ಬಿದ್ದಂತಾಯಿತು.

ಮುಂದಿನ ಕೋಣೆಯಲ್ಲಿ ಇನ್ನೂ ಜನ ಬರುತ್ತಿದ್ದರು. ಜೆನೆಲ್ ಅಂಕಲ್‌ಗೆ ಅಲ್ಲೇ ಹೇಳುವ ಧೈರ್ಯ ಬರಲಿಲ್ಲ. ಎರಡನೆಯ ಸಲವೂ ತಪ್ಪು ಹೇಳಿದರೆ? ಯಾಸೀನ್‌ಗೆ ಹೇಳಿ ನೇರ ಅಂಗಡಿಗೆ ಕಾರು ತಿರುಗಿಸಿದೆ. ಭಾನುವಾರ, ಅಂಗಡಿಗೆ ರಜೆ. ಮಧ್ಯಾಹ್ನದ ಬಿಸಿಲು ಗಾಜಿನಿಂದ ಹಿಂದಿನ ಕೋಣೆಯವರೆಗೂ ಬಂದಿತ್ತು. ಟೇಪು ಹಾಕಿದೆ.

ಈಗ ಏನು ಹುಡುಕಬೇಕೆಂದು ತಿಳಿದಿತ್ತು. ಶ್ಕುರ್ತೆಯ ಹೆಸರು ಬಂದ ನಾಲ್ಕು ಕಡೆಯೂ, ಅಳು ನುಂಗುವ ಮೊದಲು, ಮುಂದಿನ ಹೆಸರು ಜೆನೆಲ್. ಅವಳು ಹೇಳುವವಳು. ಇವರು ಕೇಳಿಸಿಕೊಳ್ಳುವವರು. ಹತ್ತು ವರ್ಷದ ಹಿಂದೆ ತಾಯಿಯ ಹೆಣದ ಪಕ್ಕದಲ್ಲಿ ಶ್ಕುರ್ತೆ ನಿಂತಿದ್ದಳು. ಆದರೆ ಎಲ್ಲಿ? ಏನು ಹೇಳಿದಳು? ಅಳುವಿನ ಕೆಳಗೆ ಏನೂ ಸಿಗಲಿಲ್ಲ.

ಮೂವತ್ನಾಲ್ಕನೆಯ ನಿಮಿಷ ದಾಟಿತು. ಹಿಸ್ ಎಂಬ ಸದ್ದು ಶುರುವಾಯಿತು. ಟೇಪ್ ನಿಲ್ಲಿಸಬೇಕೆಂದು ಕೈ ಮುಂದೆ ಹೋಯಿತು, ನಿಲ್ಲಿಸಲಿಲ್ಲ. ಮೊದಲು ಉಸಿರು ಕೇಳಿಸಿತು. ಆಮೇಲೆ ಒಬ್ಬ ಹೆಂಗಸು ಮಾತಾಡಿದಳು. ಕೂಗಲಿಲ್ಲ. ತೀರ ಹತ್ತಿರದಿಂದ, ನನ್ನ ಎಡಗಿವಿಯೊಳಗೆ, ಮಲಗಿರುವ ಮಗುವನ್ನು ಎಬ್ಬಿಸಬಾರದು ಎನ್ನುವಷ್ಟು ಮೆತ್ತಗೆ. ಮಾತು ಎಷ್ಟು ಸರಳವಾಗಿತ್ತೆಂದರೆ ನಮ್ಮ ಸಂಜೆ ತರಗತಿಯ ಮೊದಲ ಪುಸ್ತಕದಲ್ಲಿ ಇಲ್ಲದ ಪದ ಅದರಲ್ಲಿ ಎರಡೋ ಮೂರೋ.

"ಅಮ್ಮಾ, ಜೆನೆಲ್‌ಗೆ ಹೇಳು. ಹಳೆಯ ಮನೆ ಇಲ್ಲ, ಅಲ್ಲಿ ಹುಡುಕಬೇಡ ಅಂತ ಹೇಳು. ನಾವು ಕ್ರೋಮ್ ಗಣಿಯ ಹಿಂದಿನ ಇಟ್ಟಿಗೆ ಕಟ್ಟಡದಲ್ಲಿದ್ದೇವೆ. ನೀರಿನ ನಲ್ಲಿಯಿಂದ ಮೂರನೆಯ ಬಾಗಿಲು. ಗುರುವಾರ ಸಂಜೆ ಚಿಲಕ ಹಾಕುವುದಿಲ್ಲ. ಹೇಳು."

ಆಮೇಲೆ ಗಣಿಯ ಊರಿನ ಹೆಸರು. ಮತ್ತೆ ಹಿಸ್.

ನೋಟ್‌ಬುಕ್ಕು ತೆಗೆದೆ. "34 ನಿಮಿಷ, ಮುಂದೆ ಖಾಲಿ." ನನ್ನದೇ ಅಕ್ಷರ. ಅಂದು ಸರಿಯಾಗಿ ಕೇಳಲಿಲ್ಲವೇ? ದಣಿದಿದ್ದೆನೇ? ಹಾಗೆಯೇ ಇರಬೇಕು. ಗಂಡಸರು ಅಡುಗೆಯಲ್ಲಿ ಉಪ್ಪು ಮರೆಯುವ ಹಾಗೆ ನಾನು ಏನನ್ನಾದರೂ ಮರೆಯಬಹುದು, ಆದರೆ ಖಾಲಿ ಟೇಪನ್ನು ಅರ್ಧಕ್ಕೆ ಬಿಡುವವಳಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹೇಗೆ ನಂಬುವುದೋ ಇವತ್ತಿಗೂ ಗೊತ್ತಿಲ್ಲ.

ಜೆನೆಲ್ ಅಂಕಲ್ ಮನೆಗೆ ವಾಪಸು ಹೋದಾಗ ಕೊನೆಯವರು ಹೊರಡುತ್ತಿದ್ದರು. ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲೂ ಅಲ್ಬೇನಿಯನ್ನಿನಲ್ಲೂ ಬರೆದು ಅವರ ಮುಂದೆ ಇಟ್ಟೆ. ಬಾಯಲ್ಲಿ ಹೇಳುವ ನಂಬಿಕೆ ನನಗಿರಲಿಲ್ಲ. ಅವರು ಓದಿದರು. ಮತ್ತೊಮ್ಮೆ ಓದಿದರು.

"ಬದುಕಿರೋ ತಂಗಿಗೆ ಮೂರು ದಿನ ಕಹಿ ಕಾಫಿ ಕೊಟ್ಟೆ," ಎಂದರು.

"ನನ್ನ ತಪ್ಪು ಅಂಕಲ್."

"ನಿನ್ನ ತಪ್ಪು ಮೂರು ದಿನದ್ದು. ಅವಳು ನನ್ನ ಹೆಸರಲ್ಲಿ ಅದೇ ಕಾಫಿ ಐವತ್ತೆರಡು ವರ್ಷದಿಂದ ಕೊಡ್ತಿದಾಳೆ." ಎದ್ದು ಹೋಗಿ ಕಪಾಟಿನಿಂದ ಸಕ್ಕರೆ ಡಬ್ಬಿ ತಂದು, ಮುಂದಿದ್ದ ಆರಿದ ಬಟ್ಟಲಿಗೆ ಎರಡು ಚಮಚ ಹಾಕಿ ಕಲಕಿದರು. ಅರ್ಧ ಮೇಜಿನ ಮೇಲೆ ಚೆಲ್ಲಿತು.

ಜೂನಿನಲ್ಲಿ ಡಾಕ್ಟರು ಪ್ರಯಾಣ ಬೇಡವೆಂದರು. ಔಷಧಿ ಬದಲಿಸಿ, ಅಕ್ಟೋಬರಿನಲ್ಲಿ ಒಪ್ಪಿದರು. ಹೊರಡುವ ಮುನ್ನ ಅಂಗಡಿಗೆ ಬಂದು ಹೇಳಿದರು, "ಮಂಗಳವಾರ ತಲುಪೋ ಹಾಗೆ ನೋಡ್ಕೊಂಡಿದೀನಿ. ಗುರುವಾರ ಸಂಜೆ ಸತ್ತವರು ಮನೆಗೆ ಬರೋ ಹೊತ್ತು, ಆಗ ಹೋದ್ರೆ ಹೆದರಿಬಿಡ್ತಾಳೆ. ಹಗಲಲ್ಲಿ, ನಾಲ್ಕು ಜನರ ಎದುರಿಗೆ ಹೋಗ್ಬೇಕು."

"ಕಾರ್ಡ್ ತಗೊಂಡ ಹೋಗ್ರಿ ಅಂಕಲ್," ಎಂದರು ಯಾಸೀನ್, ಅಂಗಡಿಯ ಫೋನ್ ನಂಬರಿನ ಕಾರ್ಡು ಕೊಡುತ್ತ. "ಏನರ ತ್ರಾಸ ಆದ್ರ ನಮಗ ಫೋನ್ ಹಚ್ರಿ." ಅದನ್ನು ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವರು ತಲೆಯಾಡಿಸಿದರು.

ಫೋನ್ ಬಂದದ್ದು ಹನ್ನೊಂದು ದಿನದ ಮೇಲೆ, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ. ಅವರ ದನಿ ದೂರದಿಂದ, ತಡವಾಗಿ ಬರುತ್ತಿತ್ತು. ಕಿವಿ ಕೇಳದವರ ಜೊತೆ ಫೋನಿನಲ್ಲಿ ಮಾತು ಸಾಧ್ಯವಿಲ್ಲ; ಅವರು ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ.

ಮಂಗಳವಾರ ತಲುಪಲಾಗಲಿಲ್ಲ. ಮಳೆಗೆ ಗುಡ್ಡ ಕುಸಿದು ಬಸ್ಸು ಎರಡು ದಿನ ನಿಂತಿತು. ಗಣಿಯ ಊರಿಗೆ ಇಳಿದಾಗ ಗುರುವಾರ, ಕತ್ತಲಾಗುವ ಹೊತ್ತು. ಇಟ್ಟಿಗೆ ಕಟ್ಟಡ ಹಾಗೆಯೇ ಇತ್ತು. ನಲ್ಲಿಯಿಂದ ಮೂರನೆಯ ಬಾಗಿಲು. ಅವರು ತಟ್ಟಬೇಕೆಂದೇ ಕೈ ಎತ್ತಿದ್ದರು. ಬಾಗಿಲು ತಾನೇ ಹಿಂದಕ್ಕೆ ಸರಿಯಿತು. ಒಳಗೆ ಒಬ್ಬ ಮುದುಕಿ ಕೂತಿದ್ದಳು. ಎದುರಿಗೆ ಎರಡು ಬಟ್ಟಲು. ಅವಳು ಹೆದರಲಿಲ್ಲ, ಕಿರುಚಲಿಲ್ಲ. ಅವರ ಮುಖವನ್ನು ಬಹಳ ಹೊತ್ತು ನೋಡಿ, ಅವರ ಕಿವಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ ಮೊದಲ ಮಾತು, "ಅಲ್ಲೂ ವಯಸ್ಸಾಗುತ್ತದೇನು?"

"ಬದುಕಿದೀನಿ ಅಂತ ಹೇಳಿದೆ. ಪಾಸ್‌ಪೋರ್ಟ್ ತೋರಿಸಿದೆ. ರೊಟ್ಟಿ ತಿಂದೆ, ಅವಳ ಎದುರಿಗೇ," ಎಂದರು ಫೋನಿನಲ್ಲಿ. "ಎಲ್ಲದಕ್ಕೂ ಹೂಂ ಅಂತಾಳೆ. ತಾನು ಸತ್ತಿದ್ದು ತನಗೇ ಗೊತ್ತಿಲ್ಲದವನಿಗೆ ಸಮಾಧಾನ ಹೇಳ್ತಾರಲ್ಲ, ಹಾಗೆ ತಲೆ ಸವರ್ತಾಳೆ. ನೆರೆಯವರು ಬಂದ್ರೆ ನನ್ನ ಕಡೆ ನೋಡೋದಿಲ್ಲ, ಅವರು ನನ್ನ ಬಗ್ಗೆ ಕೇಳಿದ್ರೂ ಉತ್ತರ ಕೊಡೋದಿಲ್ಲ. ಅಮ್ಮ ಸುದ್ದಿ ಮುಟ್ಟಿಸಿದಳಾ ಅಂತ ಮಾತ್ರ ದಿನಾ ಕೇಳ್ತಾಳೆ. ನೀನು ಹೇಳು ಮಗಳೇ. ನೀನು ಹೊರಗಿನವಳು. ನಾನು ಬದುಕಿದೀನಿ ಅಂತ ನೀನು ಸಾಕ್ಷಿ ಹೇಳಿದ್ರೆ ನಂಬಬಹುದು. ನಂಬಿದ್ರೆ ನನ್ನ ಜೊತೆ ಬರ್ತಾಳೆ. ಕೊಡ್ತೀನಿ ಅವಳಿಗೆ."

ಹೇಳಬೇಕಾದ್ದನ್ನು ಬರೆದುಕೊಂಡು ಓದುವಷ್ಟು ಸಮಯ ನನಗಿರಲಿಲ್ಲ. ಫೋನು ಕೈ ಬದಲಾಯಿತು. ಉಸಿರು ಕೇಳಿಸಿತು. ಆ ಉಸಿರು ನನಗೆ ಪರಿಚಯವಿತ್ತು.

"ನೀನಾ ನನ್ನ ಮಾತು ಕೇಳಿದವಳು?" ಎಂದಳು ಶ್ಕುರ್ತೆ, ಎಡಗಿವಿಯೊಳಗೆ, ಮೆತ್ತಗೆ.

"ಹೌದು," ಎಂದೆ. "ನಿಮ್ಮ ಅಣ್ಣ ಬದುಕಿದ್ದಾರೆ. ನಾನು ಟೇಪಿನಲ್ಲಿ ನಿಮ್ಮ ಮಾತು ಕೇಳಿದೆ. ನೀವು ತಾಯಿಗಾಗಿ ಅತ್ತಾಗ."

"ಅಳುವಾಗ ಟೇಪು ಇತ್ತು. ಅಳು ಮುಗಿದ ಮೇಲೆ ಅದನ್ನ ತಗೊಂಡು ಹೋದ್ರು." ಅವಳಿಗೆ ಅವಸರವಿರಲಿಲ್ಲ. "ಬಾಗಿಲಿನ ಮಾತು ನಾನು ಹೇಳಿದ್ದು ಆಮೇಲೆ. ಎಲ್ಲರನ್ನೂ ಹೊರಗೆ ಕಳಿಸಿ, ಅಮ್ಮನ ಕಿವಿಯಲ್ಲಿ. ಅಮ್ಮ ಬಿಟ್ಟು ಬೇರೆ ಯಾರಿಗೂ ಕೇಳಿಲ್ಲ."

ಗಾಜಿನ ಹೊರಗೆ ಬಸ್ಸೊಂದು ನಿಂತು ಹೋಯಿತು. ಆ ಗಾಜಿನಲ್ಲಿ ನನ್ನ ಪ್ರತಿಬಿಂಬ ಇದೆಯೇ ಎಂದು ಹುಡುಕಿದೆ ಎಂದು ಹೇಳಿದರೆ ಯಾಸೀನ್ ನಗುತ್ತಾರೆ.

"ಹಾಗಾದ್ರೆ ನೀನು ಅಮ್ಮನ ಹತ್ತಿರ ಇದ್ದೀಯ," ಎಂದಳು. ಪ್ರಶ್ನೆಯಲ್ಲ. "ಒಳ್ಳೆಯದಾಯಿತು. ಅವಳಿಗೆ ಒಂದು ಮಾತು ಹೇಳು."

ಇಲ್ಲ, ನಾನೂ ಬದುಕಿದ್ದೇನೆ, ನಾನು ಲಿವೋನಿಯಾದಲ್ಲಿದ್ದೇನೆ, ನನಗೊಬ್ಬ ಮಗಳಿದ್ದಾಳೆ. ಈ ವಾಕ್ಯಗಳು ಮೊದಲ ಪುಸ್ತಕದ ಮೊದಲ ಪಾಠದಲ್ಲೇ ಇವೆ. ನಾಲಿಗೆಗೆ ಬರಲಿಲ್ಲ. ಬಂದಿದ್ದರೂ ಅವಳು ಹೂಂ ಎನ್ನುತ್ತಿದ್ದಳು, ಅಣ್ಣನಿಗೆ ಅಂದ ಹಾಗೆ.

"ಹೇಳಿ," ಎಂದೆ.

"ಜೆನೆಲ್ ಬಂದ ಅಂತ ಹೇಳು. ಇನ್ನು ಮೇಲೆ ಗುರುವಾರವೂ ಚಿಲಕ ಹಾಕಿಕೊಳ್ತೀನಿ ಅಂತ ಹೇಳು."

"ಹೇಳುತ್ತೇನೆ," ಎಂದೆ. ಅಲ್ಲಿಗೆ ನಾನು ಸಾಕ್ಷಿ ಹೇಳಿ ಮುಗಿಸಿದ್ದೆ, ಜೆನೆಲ್ ಅಂಕಲ್ ಬೇಡಿದ್ದಕ್ಕೆ ತಿರುಗಾಗಿ.

ಮತ್ತೆ ಜೆನೆಲ್ ಅಂಕಲ್ ಬಂದರು. ನಾನು ಏನು ಹೇಳಿದೆ ಎಂದು ಅವರು ಕೇಳಲಿಲ್ಲ. ಅವಳ ಮುಖ ನೋಡಿ ತಿಳಿದುಕೊಂಡಿರಬೇಕು. "ನಾನು ಇಲ್ಲೇ ಇರ್ತೀನಿ," ಎಂದರು. "ಆಪರೇಷನ್ ಬೇಡ ಅಂತ ಡಾಕ್ಟರಿಗೆ ಫೋನ್ ಮಾಡಿಬಿಡು. ಇವಳು ನನಗೆ ಕಾಫಿ ಕೊಡ್ತಾಳೆ, ಪಕ್ಕದಲ್ಲಿ ಕೂರ್ತಾಳೆ, ಹಳೇದೆಲ್ಲ ಹೇಳ್ತಾಳೆ. ಬದುಕಿದ್ದವನಿಗೆ ಇಷ್ಟು ಸಿಗ್ತಿತ್ತೋ ಇಲ್ಲವೋ. ಮರದಲ್ಲಿ ಅವಳ ಚೌಕ ತೆಗೆದು ನನಗೆ ಹಾಕು. ಅವಳ ಲೆಕ್ಕದಲ್ಲಿ ಹೇಗಿದೆಯೋ ಹಾಗೇ ಇರಲಿ."

ಹೊರಡುವಾಗ ಅವರು ನನ್ನಲ್ಲಿ ಬಿಟ್ಟುಹೋಗಿದ್ದ ಹಾಳೆಯಲ್ಲಿ ಶ್ಕುರ್ತೆಯ ಚೌಕವನ್ನು ಅಂದೇ ತೆಗೆದೆ. ಶಾಯಿ ಪೂರ್ತಿ ಹೋಗಲಿಲ್ಲ. ಹಾಳೆ ತೆಳ್ಳಗಾಗಿ ಬೆಳಕು ಹಾಯುತ್ತದೆ. ಅವರದಕ್ಕೆ ಚೌಕ ಹಾಕಿಲ್ಲ. ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಇದೆ. ಯಾಸೀನ್ ಅದನ್ನು ನೋಡಿ, ಈ ಸಲ ರಬ್ಬರನ್ನು ತಾವೇ ಎತ್ತಿಟ್ಟರು.

ಆ ವಾರದ ಗುರುವಾರ ಸಂಜೆ, ಬಹಳ ವರ್ಷಗಳ ನಂತರ, ಚಾಂದ್ ಬೀಯ ಹಾಳೆಯನ್ನು ಪೆಟ್ಟಿಗೆಯಿಂದ ತೆಗೆದೆ. ಈಗ ಅದರಲ್ಲಿ ಅವಳ ಹೆಸರೂ ಇದೆ, ಸರ್ದಾರ್ ಮಾಮಾನದೂ ಇದೆ. ಲೋಬಾನ ಹಾಕಿದರೆ ಹೊಗೆಯ ಅಲಾರಾಂ ಕೂಗುತ್ತದೆ, ಊದುಬತ್ತಿ ಹಚ್ಚಿದೆ. ಸಾರಾ ಪಕ್ಕದಲ್ಲಿ ಕೂತು ಕೇಳಿದಳು. ಹೆಸರುಗಳನ್ನು ಒಂದೊಂದಾಗಿ ಓದಿ, ಕೊನೆಗೆ ಹೈರಿಯೆ ಎಂದು ಸೇರಿಸಿದೆ. ಆಮೇಲೆ ನನ್ನ ಸಂಜೆ ತರಗತಿಯ ಅಲ್ಬೇನಿಯನ್ನಿನಲ್ಲಿ ಮಾತನ್ನು ಹೇಳಿದೆ. ಸರಿಯಾಗಿ ಬಂದಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಯಾರು ಹೇಳಿದ್ದು ಎಂದು ತಿಳಿಯಬೇಕಲ್ಲ. ಶ್ಕುರ್ತೆಯ ಹೆಸರು ಹೇಳಿದೆ. ತಂದವಳು ಯಾರೆಂದೂ ಹೇಳಬೇಕೇ ಎಂದು ಯೋಚಿಸಿದೆ.

ಹೊರಗಿನಿಂದ ಯಾಸೀನ್ ಬಂದು ಬೂಟು ಬಿಚ್ಚುವ ಸದ್ದು ಕೇಳಿತು.

"ಹಾದಿಯಾ, ಬಾಗಲ ಯಾಕ ತೆಗದೈತಿ? ಚಿಲಕ ಹಾಕ್ಲೇನು?"

ನಾನು ತೆರೆದಿಟ್ಟಿರಲಿಲ್ಲ. ಸಾರಾಳ ಕಡೆ ನೋಡಿದೆ. ಅವಳು ಇಲ್ಲ ಎಂದು ತಲೆಯಾಡಿಸಿದಳು.

"ಇನ್ನೊಂದು ಸ್ವಲ್ಪ ಹೊತ್ತು ಇರ್ಲಿರೀ," ಎಂದೆ.